ಮಾಲ್ಡೀವ್ಸ್‌ಗೆ ಪಾಠ ಮಾಡಲು ಹೊರಟಿದ್ದರೆ, ಕುಕ್ಕರಿನ ಗ್ಯಾಸ್ಕೆಟ್ ಮರೆಯಬೇಡಿ

ಸಾಗರದ ನಮ್ಮ ಮನೆಗೆ ವರ್ಷಕ್ಕೆ ಇಬ್ಬರು ಮೂವರಾದರೂ ಬಂದು ಇದನ್ನೇ ಕೇಳುತ್ತಾರೆ: “ಮೇಡಂ, ಮಾಲ್ಡೀವ್ಸ್‌ನಲ್ಲಿ ಟೀಚರ್ ಕೆಲಸ ಸಿಗುವ ಹಾಗಿದೆ, ಹೋಗಬಹುದೇ?” ಆ ದೇಶದ ಉತ್ತರ ಭಾಗದ ಹಾ ಧಾಲು ಅಟಾಲ್‌ನ (ಹವಳದ ದ್ವೀಪಗಳ ಗುಂಪು) ಪುಟ್ಟ ದ್ವೀಪವೊಂದರಲ್ಲಿ ಮೂರು ವರ್ಷ ಗಣಿತ ಕಲಿಸಿ ಬಂದವಳು ನಾನು. ಹೋಗಿ ಎಂದೇ ಹೇಳುತ್ತೇನೆ. ಆಮೇಲೆ ಚಹಾ ಕೊಟ್ಟು, ಇಷ್ಟನ್ನು ಹೇಳದೆ ಬಿಡುವುದಿಲ್ಲ.

ಮೊದಲು ಕಾಗದಪತ್ರ. “ಪ್ರವಾಸಿ ವೀಸಾದಲ್ಲಿ ಹೋಗಿಬಿಡಿ, ಮಿಕ್ಕದ್ದು ಅಲ್ಲಿ ಸರಿಮಾಡೋಣ” ಎನ್ನುವ ಏಜೆಂಟ್ ಸಿಕ್ಕರೆ ಕುರ್ಚಿಯಿಂದ ಎದ್ದು ಬನ್ನಿ. ಭಾರತೀಯರಿಗೆ ಅಲ್ಲಿ ಇಳಿದ ಮೇಲೆ 90 ದಿನಗಳ ಪ್ರವಾಸಿ ವೀಸಾ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಅದರಲ್ಲಿ ಕೆಲಸ ಮಾಡುವಂತಿಲ್ಲ. ಕೆಲಸದ ಪರವಾನಗಿ ಕೈಗೆ ಬಂದ ಮೇಲೆಯೇ ವಿಮಾನ ಹತ್ತಿ. ನಮ್ಮ ಪದವಿಯನ್ನು ಅಲ್ಲಿನ ಅರ್ಹತಾ ಪ್ರಾಧಿಕಾರ ಒಪ್ಪಬೇಕು. ಅದಕ್ಕಿಂತ ಮುಂಚೆ ನಿಮ್ಮ ಹೆಸರು ಎಲ್ಲ ಕಾಗದಗಳಲ್ಲೂ ಒಂದೇ ಆಗಿದೆಯೇ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಇನಿಶಿಯಲ್ ಹೆಸರಿನ ಮುಂದಿತ್ತು, ಪದವಿಯಲ್ಲಿ ಹಿಂದಿತ್ತು, ಪಾಸ್‌ಪೋರ್ಟಿನಲ್ಲಿ ಅದು ಅಪ್ಪನ ಪೂರ್ತಿ ಹೆಸರಾಗಿ ಬೆಳೆದಿತ್ತು. ಈ ಮೂವರೂ ನಾನೇ ಎಂದು ಸಾಧಿಸುವುದಕ್ಕೆ ಏಳು ವಾರ ಹಿಡಿಯಿತು.

ಸಂಬಳದ ಬಗ್ಗೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಯಾವ ಹಣದಲ್ಲಿ ಎಂದು ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಏಜೆಂಟ್ ಡಾಲರಿನಲ್ಲಿ ಲೆಕ್ಕ ಹೇಳಿದ್ದ, ಬಂದದ್ದು ಅಲ್ಲಿನ ಹಣ ರುಫಿಯಾ. ಡಾಲರಿಗೆ 15.42 ರುಫಿಯಾ ಎಂಬುದು ಅಧಿಕೃತ ದರ. ಆ ದರಕ್ಕೆ ಡಾಲರ್ ಸಿಗುವುದೇ ಕಷ್ಟ, ಹೊರಗೆ ಕೊಂಡರೆ ಹೆಚ್ಚು ತೆರಬೇಕು. ತಿಂಗಳಿಗೆ ಊರಿಗೆ ಎಷ್ಟು ಕಳಿಸಲು ಬಿಡುತ್ತಾರೆ, ಮನೆ ಬಾಡಿಗೆ ಯಾರದ್ದು, ರಜೆಯ ಟಿಕೆಟ್ ಯಾರದ್ದು ಎನ್ನುವುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಊರಿನಲ್ಲಿ ಸಾಲ ಕಟ್ಟುವುದಿದ್ದರಂತೂ ಇದನ್ನು ಎರಡು ಸಲ ಕೇಳಿ.

ಇನ್ನು ಸಾಮಾನು. ಹಂದಿಮಾಂಸ, ಮದ್ಯ ಒಯ್ಯುವಂತಿಲ್ಲ ಎಂದರೆ ನಮ್ಮವರು ನಿಶ್ಚಿಂತರಾಗುತ್ತಾರೆ. ಪೂಜೆಯ ವಿಗ್ರಹವನ್ನೂ ಒಯ್ಯುವಂತಿಲ್ಲ. ಅತ್ತೆ ಕೊಟ್ಟ ಹೆಬ್ಬೆರಳು ಗಾತ್ರದ ಗಣಪತಿಯನ್ನು ಬೆಂಗಳೂರಿನಲ್ಲಿ ತಂಗಿಯ ಕೈಗಿಟ್ಟು ಹೋದೆ. ಕಷ್ಟವೆನಿಸಿತು, ಆದರೆ ಅದು ಅವರ ದೇಶದ ಕಾನೂನು. ಒಯ್ಯಬೇಕಾದದ್ದು ಇಂಗು, ಸಾರಿನಪುಡಿ, ಅಪ್ಪೆಮಿಡಿ, ಚೌಕ ಪಿನ್ನಿನ ಪ್ಲಗ್‌ಗೆ ಅಡಾಪ್ಟರ್, ಮತ್ತು ಕುಕ್ಕರಿನ ಗ್ಯಾಸ್ಕೆಟ್. ಮೂರು ಗ್ಯಾಸ್ಕೆಟ್. ನನ್ನದು ಎರಡನೇ ತಿಂಗಳಿಗೇ ಸಡಿಲವಾಯಿತು. ರಾಜಧಾನಿ ಮಾಲೆಯಿಂದ ಸಾಮಾನಿನ ದೋಣಿ ವಾರಕ್ಕೊಮ್ಮೆ ಬರುತ್ತಿತ್ತು. ಮೊದಲ ಸಲ ಬಂದ ಗ್ಯಾಸ್ಕೆಟ್ ಚಿಕ್ಕದು, ಎರಡನೆಯ ಸಲದ್ದು ದೊಡ್ಡದು. ಅಲ್ಲಿಯವರೆಗೆ ಬೇಳೆ ಬೇಯುವುದನ್ನು ಕಾಯುತ್ತಾ ಉತ್ತರಪತ್ರಿಕೆ ತಿದ್ದಿದ್ದೇನೆ. ಕಬ್ಬಿಣದ ವಸ್ತು ಯಾವುದೂ ಉಪ್ಪುಗಾಳಿಗೆ ತಡೆಯುವುದಿಲ್ಲ. ಜಾಮಿಟ್ರಿ ಪೆಟ್ಟಿಗೆಯ ಕೈವಾರ ಆರು ತಿಂಗಳಲ್ಲಿ ತುಕ್ಕು ಹಿಡಿದು ಬಾಯಿ ತೆರೆಯಲಿಲ್ಲ. ಸೀರೆ ಒಂದೆರಡು ಸಾಕು. ಕಟ್ಟೆಯಿಂದ ಕುಣಿಯುವ ದೋಣಿಗೆ ಕಾಲಿಡುವಾಗ ನೆರಿಗೆ ಹಿಡಿಯುವುದೋ, ಕಂಬ ಹಿಡಿಯುವುದೋ ಎಂಬ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟಿದ್ದೇನೆ. ಮಳೆಗಾಲದಲ್ಲಿ ಸ್ಪೀಡ್‌ಬೋಟಿನ ಮುಂದೆ ಕೂರಬೇಡಿ, ಹಿಂದೆ ಕುಳಿತರೆ ಬೆನ್ನುಮೂಳೆ ಉಳಿಯುತ್ತದೆ.

ಸಸ್ಯಾಹಾರಿಗಳಿಗೊಂದು ಮಾತು. ಅಲ್ಲಿ ಮೀನು ಪದಾರ್ಥವಲ್ಲ, ಉಪ್ಪಿನ ಹಾಗೆ ಎಲ್ಲದರಲ್ಲೂ ಇರುತ್ತದೆ. ನಾನು ಮೀನು ತಿನ್ನುವುದಿಲ್ಲ ಎಂದಾಗ ಪಕ್ಕದ ಮನೆಯ ದತ್ತ (ಅಕ್ಕನಿಗೆ ಅಲ್ಲಿನ ಭಾಷೆ ಧಿವೇಹಿಯಲ್ಲಿ ಹಾಗೆನ್ನುತ್ತಾರೆ) ಎಷ್ಟು ದಿನದಿಂದ ಹುಷಾರಿಲ್ಲ ಎಂದು ವಿಚಾರಿಸಿದರು. ನುಗ್ಗೆಸೊಪ್ಪು, ಕರಿಬೇವು, ಸಿಹಿಗುಂಬಳ, ತೆಂಗಿನಕಾಯಿ ಸಿಗುತ್ತವೆ. ಅಕ್ಕಿ, ಬೇಳೆ, ಈರುಳ್ಳಿ ನಮ್ಮ ದೇಶದಿಂದಲೇ ಬರುತ್ತವೆ. ದೀವಿಹಲಸು ಹಿತ್ತಿಲುಗಳಲ್ಲಿ ಬೆಳೆಯುತ್ತದೆ. ಹೆಸರಿನಲ್ಲಿ ದೀವಿ ಇಟ್ಟುಕೊಂಡ ಹಲಸನ್ನು ಮೊದಲ ಬಾರಿ ದ್ವೀಪದಲ್ಲಿಯೇ ಹುಳಿ ಮಾಡಿದೆ. ದತ್ತನಿಗೆ ಒಂದು ಬಟ್ಟಲು ಕೊಟ್ಟ ಮೇಲೆ ನನ್ನ ಆರೋಗ್ಯದ ಚಿಂತೆ ಅವರಿಗೆ ಕಡಿಮೆಯಾಯಿತು.

ಭಾಷೆಯನ್ನು ಅಂಗಡಿಯಿಂದ ಆರಂಭಿಸಿ. “ಹತ್ ರುಫಿಯಾ” ಎಂದಾಗ ನಾನು ಹತ್ತು ಕೊಡುತ್ತಿದ್ದೆ. ಅಂಗಡಿಯ ಹುಡುಗ ಮೂರು ವಾಪಸು ಕೊಡುತ್ತಿದ್ದ. ಹತ್ ಎಂದರೆ ಏಳು. ಅವನು ಮೋಸಗಾರನಾಗಿದ್ದರೆ ನಾನು ಕಲಿಯಲು ಇನ್ನೂ ತಡವಾಗುತ್ತಿತ್ತು. ಅವರ ತಾನಾ ಲಿಪಿ ಬಲದಿಂದ ಎಡಕ್ಕೆ ಓಡುತ್ತದೆ. ಅದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬೀ ಅಂಕಿಗಳಿಂದ ಬಂದವು ಎಂದು ತಿಳಿದ ದಿನ, ಅಂಕಿಯನ್ನೇ ಅಕ್ಷರ ಮಾಡಿಕೊಂಡ ಜನರಿಗೆ ಗಣಿತ ಕಲಿಸಲು ಬಂದಿದ್ದೇನೆ ಎಂದು ಹಿಗ್ಗಿದೆ. ಸಂಜೆ ಹೊರಗೆ ಹಗ್ಗದ ಜೋಲಿಯಲ್ಲಿ ಕುಳಿತು ಹರಟುತ್ತಾರೆ. ಆ ಬಲೆಯ ಆಸನವನ್ನು ಅಲ್ಲಿಯೂ ಜೋಲಿ ಎಂದೇ ಕರೆಯುತ್ತಾರೆ. ಕರೆದರೆ ಹೋಗಿ ಕುಳಿತುಕೊಳ್ಳಿ.

ಈಗ ತರಗತಿ. ಪಠ್ಯ ಕೇಂಬ್ರಿಜ್‌ನದು, ಮಾಧ್ಯಮ ಇಂಗ್ಲಿಷ್, ವಾರ ಶುರುವಾಗುವುದು ಭಾನುವಾರ. ಮೊದಲ ತಿಂಗಳು ನಾನು ಊರಿನ ಲೆಕ್ಕವನ್ನೇ ಹಾಕಿದೆ: 120 ಮೀಟರ್ ಉದ್ದದ ರೈಲು 180 ಮೀಟರ್ ಪ್ಲಾಟ್‌ಫಾರಂ ದಾಟಲು 15 ಸೆಕೆಂಡ್ ತೆಗೆದುಕೊಂಡರೆ ವೇಗವೆಷ್ಟು? ಒಬ್ಬಳು ಎದ್ದು, “ಮಿಸ್, ರೈಲಿನ ಉದ್ದವನ್ನು ಯಾಕೆ ಕೂಡಿಸಬೇಕು? ದೋಣಿಯ ಮೂತಿ ಕಟ್ಟೆಗೆ ತಾಗಿದರೆ ತಲುಪಿದ ಹಾಗೆಯೇ ಅಲ್ಲವೇ?” ಎಂದಳು. ವಿವರಿಸಿದೆ. ಹಿಂದಿನ ಬೆಂಚಿನ ಹುಡುಗ ಅಷ್ಟರಲ್ಲಿ ಉತ್ತರ ಕಂಡುಹಿಡಿದು ಮುಂದೂ ಹೋಗಿದ್ದ: “ಸೆಕೆಂಡಿಗೆ 20 ಮೀಟರ್. ನಮ್ಮ ದ್ವೀಪದ ಉದ್ದ ಒಂದೂವರೆ ಕಿಲೋಮೀಟರ್. 75 ಸೆಕೆಂಡಿನಲ್ಲಿ ನಿಮ್ಮ ರೈಲು ಸಮುದ್ರಕ್ಕೆ ಬೀಳುತ್ತದೆ, ಮಿಸ್.”

ಆ ರಾತ್ರಿ ಕುಳಿತು ನನ್ನ ಟಿಪ್ಪಣಿಯಿಂದ ರೈಲು, ಗುಡ್ಡ, ಸೇತುವೆ ಎಲ್ಲವನ್ನೂ ಹೊಡೆದುಹಾಕಿದೆ. ಮಲೆನಾಡಿನವಳಾದ ನನಗೆ ಗುಡ್ಡವಿಲ್ಲದೆ ಉನ್ನತ ಕೋನ ಕಲಿಸುವುದು ಹೇಗೆಂದು ತೋಚಲಿಲ್ಲ. ಆ ದೇಶದ ಅತಿ ಎತ್ತರದ ನೆಲವೂ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಮೇಲಿದೆ. ಕೊನೆಗೆ ಗುಡ್ಡದ ಬದಲು ಮೊಬೈಲ್ ಟವರ್ ಬಂತು, ಅದರ ತುದಿಯಿಂದ ದೋಣಿಗೆ ಅವನತ ಕೋನ ಬಂತು. ಉತ್ತರದಿಂದ ಬಲಕ್ಕೆ ಮೂರಂಕಿಯಲ್ಲಿ ದಿಕ್ಕು ಹೇಳುವ ‘ಬೇರಿಂಗ್’ ಪಾಠವನ್ನು ನಮ್ಮೂರಿನಲ್ಲಿ ಒಂದು ವಾರ ಎಳೆದಿದ್ದೆ. ಅಲ್ಲಿ ಅಪ್ಪನ ಜೊತೆ ಮೀನಿಗೆ ಹೋಗುವ ಹುಡುಗರು ನನ್ನ ಕರಿಹಲಗೆಯ ಚಿತ್ರದಲ್ಲೇ ತಪ್ಪು ಹುಡುಕಿದರು. ಆದ್ದರಿಂದ ಹೊಸಬರಿಗೆ ನನ್ನ ಸಲಹೆ ಇದು: ಮೊದಲ ವಾರ ಪಾಠ ಹೇಳುವ ಬದಲು ಶಾಲೆ ಬಿಟ್ಟ ಮೇಲೆ ದೋಣಿಕಟ್ಟೆಗೆ ಹೋಗಿ, ಮಕ್ಕಳು ಅಲ್ಲಿ ಏನನ್ನು ಅಳೆಯುತ್ತಾರೆ, ಏನನ್ನು ಎಣಿಸುತ್ತಾರೆ ನೋಡಿ ಬರೆದುಕೊಳ್ಳಿ.

ಸಂಭವನೀಯತೆಗೆ ನಾಣ್ಯ, ದಾಳ ಬಿಟ್ಟು ಕವಡೆ ಹಿಡಿದೆ. ಒಂದು ಕಾಲದಲ್ಲಿ ಬಂಗಾಳಕ್ಕೂ ಆಫ್ರಿಕಕ್ಕೂ ಹಣವಾಗಿ ಹೋದ ಕವಡೆ ಈ ದ್ವೀಪಗಳದ್ದು. ನಾಲ್ಕು ಕವಡೆಯಿಟ್ಟು ಚೌಕಾಬಾರ ಕಲಿಸಿದೆ. ನಾಲ್ಕೂ ಬಾಯಿ ಮೇಲಾದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಹದಿನಾರು ಮಕ್ಕಳು ತಲಾ 50 ಬಾರಿ ಎಸೆದು 800 ಫಲಿತಾಂಶ ಬರೆದರು. ಎಂಟು ಬೀಳುವ ಸಂಭವ ಲೆಕ್ಕದ ಪ್ರಕಾರ ಹದಿನಾರರಲ್ಲಿ ಒಂದಿರಬೇಕು, ಆದರೆ ಅವರ ಪಟ್ಟಿ ಅದಕ್ಕೆ ಒಪ್ಪಲಿಲ್ಲ. ಕವಡೆಯ ಬೆನ್ನು ಗುಂಡಗಿದೆ, ಅದು ನಾಣ್ಯವಲ್ಲ ಎಂದು ಅವರೇ ಕಂಡುಕೊಂಡರು.

ಮೊರಾಕೊದ ಪ್ರವಾಸಿ ಇಬ್ನ್ ಬತೂತಾ ನಮ್ಮ ಹೊನ್ನಾವರವನ್ನೂ ನೋಡಿ, 1343ರಲ್ಲಿ ಈ ದ್ವೀಪಗಳಿಗೆ ಬಂದು ಖಾಜಿ, ಅಂದರೆ ನ್ಯಾಯಾಧೀಶನಾಗಿದ್ದ. ಹೆಂಗಸರ ಉಡುಗೆ ತಿದ್ದಲು ಆಜ್ಞೆ ಹೊರಡಿಸಿ, ಅದು ನಡೆಯಲಿಲ್ಲವೆಂದು ತಾನೇ ಬರೆದುಕೊಂಡಿದ್ದಾನೆ. ಸಿಬ್ಬಂದಿ ಕೊಠಡಿಯಲ್ಲಿ “ನಮ್ಮಲ್ಲಿ ಹೀಗಲ್ಲ” ಎಂದು ಆರಂಭಿಸುವ ಹೊಸ ಶಿಕ್ಷಕರನ್ನು ಕಂಡಾಗಲೆಲ್ಲ ನನಗೆ ಅವನ ನೆನಪಾಗುತ್ತಿತ್ತು. ಮೊದಲ ವರ್ಷ ನಾನೂ ಹಾಗೆಯೇ ಆರಂಭಿಸುತ್ತಿದ್ದೆ.

ಹೊರಡುವಾಗ ಕುಕ್ಕರನ್ನು ಹೊತ್ತು ತರಬೇಡಿ, ಮುಂದೆ ಬರುವವರಿಗೆ ಬಿಡಿ. ನನ್ನ ಜಾಗಕ್ಕೆ ಕೇರಳದ ಟೀಚರ್ ಒಬ್ಬರು ಬಂದರು. ಎರಡು ತಿಂಗಳಿಗೆ ಅವರ ಫೋನ್ ಬಂತು: “ಚೇಚಿ, ಈ ಗ್ಯಾಸ್ಕೆಟ್ ಎಷ್ಟು ಲೀಟರಿನದು?”

ಐದು ಲೀಟರ್. ಇನ್ನೊಂದು ಹೊಸದು ಮೇಲಿನ ಕಪಾಟಿನಲ್ಲಿ, ಸಾರಿನಪುಡಿಯ ಡಬ್ಬದ ಹಿಂದೆ ಇದೆ ಎಂದೆ.