ಫೈಟರ್ ಮೀನನ್ನು ಜೋಡಿ ಮಾಡುವುದು ಹೇಗೆ?

ಅಂಗಡಿಯಿಂದ ಒಂದು ಗಂಡು, ಒಂದು ಹೆಣ್ಣು ಫೈಟರ್ ಮೀನು ತಂದು ಒಂದೇ ತೊಟ್ಟಿಗೆ ಬಿಟ್ಟರೆ ಮರಿ ಆಗುತ್ತದೆ ಅಂತ ಅನೇಕರು ಅಂದುಕೊಂಡಿದ್ದಾರೆ. ಹಾಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹೆಣ್ಣಿನ ರೆಕ್ಕೆ ಚಿಂದಿಯಾಗಿರುತ್ತದೆ. ಎಷ್ಟೋ ಸಲ ಜೀವವೇ ಹೋಗಿರುತ್ತದೆ. ಈ ಮೀನಿನ ಜೋಡಿಗೆ ಎರಡು ವಾರದ ತಯಾರಿ ಬೇಕು. ಅದರಲ್ಲೂ ಮರಿಗಳ ಊಟದ ತಯಾರಿ ಮೊದಲು, ಜೋಡಿ ಆಮೇಲೆ.

ಸರಿಯಾದ ಮೀನು ಆರಿಸಿ

ಐದಾರು ತಿಂಗಳಿಂದ ಒಂದು ವರ್ಷದೊಳಗಿನ ಮೀನುಗಳು ಒಳ್ಳೆಯದು. ಹೆಣ್ಣು ಗಂಡಿನಷ್ಟೇ ದೊಡ್ಡದಿರಲಿ, ಇಲ್ಲವೇ ಸ್ವಲ್ಪ ಚಿಕ್ಕದಿರಲಿ. ಹೆಣ್ಣಿನ ಹೊಟ್ಟೆಯ ಕೆಳಗೆ ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆ ಕಾಣುತ್ತದೆ. ಮೊಟ್ಟೆ ಹೊರಬರುವ ಜಾಗ ಅದು. ಪ್ಲಕಾಟ್ ಎಂಬ ಗಿಡ್ಡ ರೆಕ್ಕೆಯ ತಳಿಯ ಗಂಡನ್ನು ಹೆಣ್ಣು ಅಂತ ಕೊಟ್ಟುಬಿಡುವುದುಂಟು. ಅನುಮಾನ ಬಂದರೆ ಎದುರಿಗೆ ಕನ್ನಡಿ ಹಿಡಿಯಿರಿ. ಕಿವಿರು ಅರಳಿಸಿದಾಗ ಕೆಳಗೆ ಗಡ್ಡದಂತಹ ಪೊರೆ ದೊಡ್ಡದಾಗಿ ಕಂಡರೆ ಅದು ಗಂಡು.

ಎರಡನ್ನೂ ಬೇರೆ ಬೇರೆ ಇಟ್ಟು ಹತ್ತು ಹದಿನೈದು ದಿನ ಚೆನ್ನಾಗಿ ತಿನ್ನಿಸಿ. ಅಂಗಡಿಯಲ್ಲಿ ಸಿಗುವ ಕಾಳಿನಂತಹ ಒಣ ಮೀನಿನ ಆಹಾರವೊಂದೇ ಸಾಲದು. ಫ್ರೀಜ್ ಮಾಡಿದ ಬ್ಲಡ್‌ವರ್ಮ್ (ಸಣ್ಣ ಕೆಂಪು ಹುಳು), ಡಾಫ್ನಿಯಾ (ನೀರಿನ ಪುಟ್ಟ ಜೀವಿ) ಸಿಕ್ಕರೆ ದಿನಕ್ಕೆರಡು ಸಲ ಕೊಡಿ. ಸೊಳ್ಳೆ ಮರಿಯೂ ಒಳ್ಳೆಯ ಆಹಾರವೇ. ಆದರೆ ಅದಕ್ಕಾಗಿ ಮನೆಯಲ್ಲಿ ನೀರು ನಿಲ್ಲಿಸಬೇಡಿ, ಡೆಂಗಿ ಭಯ ಇದೆಯಲ್ವಾ. ಹೆಣ್ಣಿನ ಹೊಟ್ಟೆ ತುಂಬಿಕೊಂಡು ದುಂಡಗಾಗುವವರೆಗೆ ಕಾಯಿರಿ.

ತೊಟ್ಟಿಯ ತಯಾರಿ

ಈ ಮೀನಿನ ಮೂಲ ಥಾಯ್ಲೆಂಡ್. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ಅಲ್ಲಿನ ಭತ್ತದ ಗದ್ದೆ, ಜೌಗು ನೆಲಗಳ ನಿಂತ ನೀರಿನಲ್ಲಿ ಬಾಳಿ ಬಂದ ಮೀನು ಇದು. ಹಾಗಾಗಿ ನಮ್ಮ ತೊಟ್ಟಿಯಲ್ಲೂ ನೀರು ಆಳ ಇರಬಾರದು. ಮೂವತ್ತು ನಲವತ್ತು ಲೀಟರ್ ಹಿಡಿಯುವ ಟಬ್ಬಿನಲ್ಲಿ 12ರಿಂದ 15 ಸೆಂಟಿಮೀಟರ್ ನೀರು ಸಾಕು. ಜಾರಿದ ಮೊಟ್ಟೆಯನ್ನು ಗಂಡು ಬಾಯಲ್ಲಿ ಹಿಡಿದು ಮೇಲಕ್ಕೆ ತರಬೇಕು, ಆಳ ಹೆಚ್ಚಿದ್ದರೆ ಅದು ಸುಸ್ತಾಗುತ್ತದೆ. ತಳಕ್ಕೆ ಕಲ್ಲು, ಮರಳು ಬೇಡ. ಮೊಟ್ಟೆ ಸಂದಿಗೆ ಬಿದ್ದರೆ ಗಂಡಿಗೆ ಕಾಣುವುದಿಲ್ಲ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ಅಥವಾ ಅಗಲ ಬಾಯಿಯ ಪಾತ್ರೆಯಲ್ಲಿ ನೀರನ್ನು ಒಂದು ದಿನವಾದರೂ ತೆರೆದಿಡಿ. ನೀರಿನ ಬಿಸಿ 26ರಿಂದ 28 ಡಿಗ್ರಿ ಇರಲಿ. ಕರಾವಳಿಯವರಿಗೆ ಹೆಚ್ಚಿನ ತಿಂಗಳು ಇದರ ಚಿಂತೆಯೇ ಇಲ್ಲ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಿಗೆ ಹೀಟರ್ ಬೇಕೇ ಬೇಕು.

ತಾನಾಗಿ ಉದುರಿ ಒಣಗಿದ ಕಾಡುಬಾದಾಮಿ ಎಲೆ ಒಂದನ್ನು ತೊಳೆದು ಹಾಕಿ. ಬೀದಿ ಬದಿಯಲ್ಲಿ ಸಿಗುವ ಎಲೆಯೇ ಸಾಕು, ಔಷಧಿ ಸಿಂಪಡಿಸಿದ ಮರದ್ದು ಮಾತ್ರ ಬೇಡ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಮೊಟ್ಟೆಗೆ ಬೂಸಲು ಹಿಡಿಯುವುದು ಕಡಿಮೆ. ಮೇಲೆ ತೇಲಲು ಅಂಗೈಯಗಲದ ಥರ್ಮೋಕೋಲ್ ತುಂಡು ಬಿಡಿ. ಗಂಡು ಅದರ ಅಡಿಯಲ್ಲೇ ಗುಳ್ಳೆಗಳ ಗೂಡು ಕಟ್ಟುತ್ತದೆ. ಹೆಣ್ಣು ಬಚ್ಚಿಟ್ಟುಕೊಳ್ಳಲು ಒಂದು ಮೂಲೆಯಲ್ಲಿ ಗಿಡ ತುಂಬಿಸಿ. ಮುಚ್ಚಳ ಮರೆಯಬೇಡಿ, ಇವು ನೀರಿನಿಂದ ಹೊರಕ್ಕೆ ಜಿಗಿಯುವ ಮೀನುಗಳು.

ಮುಖಾಮುಖಿ

ಮೊದಲು ಗಂಡನ್ನು ಬಿಡಿ. ಎರಡೂ ತುದಿ ಕತ್ತರಿಸಿದ ಪಾರದರ್ಶಕ ಬಾಟಲಿಯನ್ನು ತೊಟ್ಟಿಯ ನಡುವೆ ನಿಲ್ಲಿಸಿ, ಹೆಣ್ಣನ್ನು ಅದರೊಳಗೆ ಬಿಡಿ. ಬಾಟಲಿಯ ಬಾಯಿ ನೀರಿನಿಂದ ಮೇಲಿರಲಿ. ಒಂದೆರಡು ದಿನ ಅವು ಬರೀ ನೋಡಿಕೊಳ್ಳಲಿ.

ಈಗ ನೀವು ಗಮನಿಸಬೇಕಾದದ್ದು ಹೆಣ್ಣನ್ನು. ಮೈಮೇಲೆ ಅಡ್ಡ ಅಲ್ಲ, ಮೇಲಿಂದ ಕೆಳಕ್ಕೆ ಪಟ್ಟೆ ಮೂಡಿ, ತಲೆ ತಗ್ಗಿಸಿ ಗಂಡಿನ ಕಡೆ ಬರುತ್ತಿದ್ದರೆ ಅದು ಒಪ್ಪಿದೆ ಎಂದರ್ಥ. ಗೂಡೂ ಆಗಿದ್ದರೆ ಸಂಜೆ ಬಾಟಲಿ ಎತ್ತಿಬಿಡಿ. ಉದ್ದಕ್ಕೆ ಗೆರೆ ಮೂಡಿದ್ದರೆ, ಮುದುಡಿಕೊಂಡಿದ್ದರೆ ಅದಕ್ಕೆ ಭಯವಾಗಿದೆ. ಆಗ ಬೇರೆ ಮಾಡಿ, ಒಂದು ವಾರ ಬಿಟ್ಟು ನೋಡಿ. ಅವಸರದಲ್ಲಿ ಬಾಟಲಿ ಎತ್ತಿದರೆ ಹೆಣ್ಣನ್ನು ನಾವೇ ಕೊಂದಂತೆ.

ಸ್ವಲ್ಪ ಅಟ್ಟಾಡಿಸುವುದು, ರೆಕ್ಕೆ ತುದಿ ಹರಿಯುವುದು ಮಾಮೂಲು. ಆಮೇಲೆ ಗಂಡು ಗೂಡಿನ ಕೆಳಗೆ ಹೆಣ್ಣನ್ನು ಸುತ್ತಿ ಅಪ್ಪಿಕೊಳ್ಳುತ್ತದೆ. ಮೊದಲ ಕೆಲವು ಅಪ್ಪುಗೆಗಳಲ್ಲಿ ಮೊಟ್ಟೆ ಬರುವುದಿಲ್ಲ. ಬಂದಾಗ ಬಿಳಿ ಮೊಟ್ಟೆಗಳು ಉದುರುತ್ತವೆ, ಹೆಣ್ಣು ಸತ್ತಂತೆ ವಾಲಿ ತೇಲುತ್ತದೆ. ಹೆದರಬೇಡಿ, ಚೇತರಿಸಿಕೊಳ್ಳುತ್ತದೆ. ಗಂಡು ಒಂದೊಂದೇ ಮೊಟ್ಟೆ ಹೆಕ್ಕಿ ಗೂಡಿಗೆ ಅಂಟಿಸುತ್ತದೆ. ಗಂಟೆಗಟ್ಟಲೆ ನಡೆಯುವ ಈ ಕೆಲಸವನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಮುಗಿದ ಮೇಲೆ ಗಂಡು ಹೆಣ್ಣನ್ನು ಓಡಿಸುತ್ತದೆ. ತಕ್ಷಣ ಹೆಣ್ಣನ್ನು ತೆಗೆದು ಬೇರೆ ನೀರಿನಲ್ಲಿ ಬಿಡಿ. ಗಂಡು ಕಾವಲಿಗೆ ಇರಲಿ. ರಾತ್ರಿ ಸಣ್ಣ ದೀಪ ಉರಿಯಲಿ, ಜಾರಿದ ಮರಿ ಅದಕ್ಕೆ ಕಾಣಬೇಕು. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು, ಗೂಡಿನಿಂದ ಸಣ್ಣ ಬಾಲಗಳು ಜೋತಾಡುತ್ತವೆ. ಇನ್ನೆರಡು ಮೂರು ದಿನಕ್ಕೆ ಮರಿಗಳು ಅಡ್ಡಕ್ಕೆ ಈಜತೊಡಗುತ್ತವೆ. ಆಗ ಗಂಡನ್ನೂ ತೆಗೆಯಿರಿ, ಇಲ್ಲದಿದ್ದರೆ ಮರಿಗಳನ್ನು ತಿನ್ನಬಹುದು.

ಮರಿಗಳ ಊಟ

ಸೋಲುವುದು ಹೆಚ್ಚಾಗಿ ಇಲ್ಲೇ. ಈಜತೊಡಗಿದ ಮರಿಯ ಬಾಯಿಗೆ ಅಂಗಡಿಯ ಪುಡಿಯೂ ದೊಡ್ಡದು. ಬರಿಗಣ್ಣಿಗೆ ಸರಿಯಾಗಿ ಕಾಣದ ಇನ್ಫ್ಯೂಸೋರಿಯಾ ಜೀವಿಗಳು ಬೇಕು. ಜೋಡಿ ಬಿಡುವ ಮೂರ್ನಾಲ್ಕು ದಿನ ಮೊದಲೇ ಹಳೆಯ ಅಕ್ವೇರಿಯಂ ನೀರಿಗೆ ಕೋಸಿನ ಎಲೆ ಅಥವಾ ಬಾಳೆಹಣ್ಣಿನ ಸಿಪ್ಪೆಯ ತುಂಡು ಹಾಕಿ, ಬೆಳಕಿರುವ ಕಡೆ ಇಡಿ. ನೀರು ಮೊದಲು ಹಾಲಿನಂತೆ ಕದಡಿ, ಆಮೇಲೆ ತಿಳಿಯಾಗುತ್ತದೆ. ತಿಳಿಯಾದ ನೀರನ್ನು ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಿ. ಬೇಯಿಸಿದ ಮೊಟ್ಟೆಯ ಹಳದಿ ಕದಡಿ ಹಾಕುವವರಿದ್ದಾರೆ. ಅದು ನೀರನ್ನು ಬೇಗ ಕೆಡಿಸುತ್ತದೆ, ನಾನು ಹೇಳುವುದಿಲ್ಲ.

ಒಂದು ವಾರದ ಹೊತ್ತಿಗೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯಂತಹ ಜೀವಿಯ ಮರಿ ಕೊಡಲು ಶುರು ಮಾಡಿ. ಒಂದು ಲೀಟರ್ ನೀರಿಗೆ ಅಯೋಡಿನ್ ಇಲ್ಲದ ಉಪ್ಪು 25 ಗ್ರಾಂ ಹಾಕಿ, ಆರ್ಟೀಮಿಯಾದ ಒಂದು ಚಿಟಿಕೆ ಮೊಟ್ಟೆ ಬಿಟ್ಟು, ಏರ್ ಪಂಪ್ ಓಡಿಸಿದರೆ ಒಂದು ಒಂದೂವರೆ ದಿನದಲ್ಲಿ ಒಡೆಯುತ್ತವೆ. ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಕೊಡಿ.

ಮೂರ್ನಾಲ್ಕು ವಾರಕ್ಕೆ ಮರಿಗಳಲ್ಲಿ ಗಾಳಿ ಉಸಿರಾಡುವ ಅಂಗ ಬಲಿಯುತ್ತದೆ. ನೀರಿನ ಮೇಲಿನ ಗಾಳಿ ತಣ್ಣಗಾಗದಂತೆ ಆಗ ಮುಚ್ಚಳ ಬಿಗಿಯಾಗಿರಲಿ.

ಎರಡು ತಿಂಗಳ ಆಸುಪಾಸಿನಲ್ಲಿ ಗಂಡುಗಳು ಕಾದಾಡಲು ಶುರು ಮಾಡುತ್ತವೆ. ಒಂದು ಜೋಡಿಯಿಂದ ನೂರಾರು ಮರಿ ಆಗಬಹುದು, ಪ್ರತಿ ಗಂಡಿಗೂ ಬೇರೆ ಜಾಡಿ ಬೇಕು, ಅಷ್ಟೂ ಜಾಡಿಗಳ ನೀರು ಬದಲಿಸಬೇಕು. ಯಾರು ಕೊಳ್ಳುತ್ತಾರೆ, ಯಾರಿಗೆ ಕೊಡುತ್ತೀರಿ ಅಂತ ಮೊದಲೇ ಅಂಗಡಿಯವರ ಹತ್ತಿರ, ಸ್ನೇಹಿತರ ಹತ್ತಿರ ಮಾತಾಡಿಟ್ಟುಕೊಳ್ಳಿ. ಹೆಚ್ಚಾದವನ್ನು ಕೆರೆಗೋ ಬಾವಿಗೋ ಮಾತ್ರ ಬಿಡಬೇಡಿ. ಅವು ಈ ನೆಲದ ಮೀನುಗಳಲ್ಲ.