ರೇಷ್ಮೆ ಹುಳು ಮನೆಯಲ್ಲಿ ರೆಕಾರ್ಡ್ ಮಾಡಿದ ನಮ್ಮ ಮೊದಲ ರ‍್ಯಾಪ್ ಆಲ್ಬಂ

ಕ್ಲಿಕ್ (ತಾಳ ತಪ್ಪದಿರಲಿ ಅಂತ ಕಿವಿಗೆ ಹಾಕೋ ಟಿಕ್ ಟಿಕ್ ಸದ್ದು) ಇಲ್ಲದೆ ತಮಟೆ ರೆಕಾರ್ಡ್ ಮಾಡ್ತೀನಿ ಅಂದಾಗ ನಕ್ಕವರೇ ಜಾಸ್ತಿ. "ಎಡಿಟ್ ಮಾಡೋಕೆ ಕೂತಾಗ ಅಳ್ತೀಯ" ಅಂದಿದ್ದರು. ಈಗ ಎಂಟು ಹಾಡು ಹೊರಗೆ ಬಂದಿವೆ. ನಕ್ಕವರಲ್ಲೇ ಇಬ್ಬರು ಫೋನ್ ಮಾಡಿ "ಹೇಗೆ ಮಾಡಿದೆ?" ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಕಳಕೊಂಡಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಎರಡೂವರೆ ಸಾವಿರ ಕೊಟ್ಟು ಒಂದು ಬೀಟ್, ಅಂದರೆ ಹಾಡಿಗೆ ರೆಡಿ ಇರೋ ಸಂಗೀತ, ಲೀಸ್‌ಗೆ ತಗೊಂಡೆ. ಹಾಡು ಹಾಕಿದ ವಾರಕ್ಕೇ ಕಾಪಿರೈಟ್ ಕ್ಲೇಮ್ ಬಂತು. ಅದೇ ಬೀಟ್ ತಗೊಂಡಿದ್ದ ಇನ್ಯಾರೋ ಅದನ್ನು ತನ್ನ ಹೆಸರಲ್ಲಿ ರಿಜಿಸ್ಟರ್ ಮಾಡಿಸಿದ್ದ. ಆಮೇಲೆ ಬೆಂಗಳೂರಿನ ಒಂದು ಸ್ಟುಡಿಯೋ, ಗಂಟೆಗೆ ಎಂಟುನೂರು. ಶಿಡ್ಲಘಟ್ಟದಿಂದ ಇಬ್ಬರು ತಮಟೆ ಅಣ್ಣಂದಿರನ್ನು ಕರಕೊಂಡು ಹೋಗಿದ್ದೆ. ಕಿವಿಗೆ ಕ್ಲಿಕ್ ಹಾಕಿದ ತಕ್ಷಣ ಅವರ ಕೈ ಕಟ್ಟಿಹೋಯ್ತು. ತಮಟೆ ಕಾಯಿಸೋಣ ಅಂದರೆ ಅಲ್ಲಿ ಬೆಂಕಿ ಹಾಕೋ ಹಾಗಿಲ್ಲ. ಮೂರನೇ ಟೇಕ್‌ಗೆ ಸದ್ದು ರಟ್ಟಿನ ಡಬ್ಬ ಬಡಿದಂಗಾಯ್ತು. ಕಾರು, ಊಟ ಸೇರಿ ಹದಿನಾಲ್ಕು ಸಾವಿರ ಹೋಯ್ತು.

ಕೊನೆಗೆ ಕೈಹಿಡಿದಿದ್ದು ನಮ್ಮ ಹುಳು ಮನೆ, ರೇಷ್ಮೆ ಹುಳು ಸಾಕೋ ಜಾಗ. ಗೂಡು ಮಾರ್ಕೆಟ್‌ಗೆ ಹೋದ ಮೇಲೆ ಅದು ಹತ್ತು ಹನ್ನೆರಡು ದಿನ ಖಾಲಿ. ಬ್ಲೀಚಿಂಗ್ ಪೌಡರ್ ವಾಸನೆ ತಡಕೋಬೇಕು ಅಷ್ಟೇ. ಗೋಡೆಗೆ ಕಂಬಳಿ, ಅದರ ಮುಂದೆ ಚಂದ್ರಿಕೆ, ಹುಳು ಗೂಡು ಕಟ್ಟೋ ಬಿದಿರಿನ ತಟ್ಟೆ. ಬಿದಿರಿನ ಸುರುಳಿ ಸದ್ದನ್ನು ಚದುರಿಸುತ್ತೆ. ದುಡ್ಡು ಕೊಟ್ಟು ತರೋ ಫೋಮ್‌ಗಿಂತ ವಾಸಿ. ಬಾಗಿಲಾಚೆ ಹುಲ್ಲಿನ ಬೆಂಕಿ. ಪ್ರತಿ ಟೇಕ್‌ಗೂ ಮುಂಚೆ ಕಾಯಿಸಿದೆವು.

ನಾನು ಅಣ್ಣಂದಿರ ಎದುರು ನಿಂತು ಸುಮ್ನೆ ರ‍್ಯಾಪ್ ಮಾಡಿದೆ, ಅವರು ನನ್ನ ಬಾಯಿ ನೋಡ್ಕೊಂಡು ಬಾರಿಸಿದರು. ನಿಮಿಷಕ್ಕೆ 92 ಬೀಟ್ ವೇಗದಲ್ಲಿ ಶುರುವಾದ ಹಾಡು ಮುಗಿಯುವಾಗ 104ಕ್ಕೆ ಓಡಿತ್ತು. ಓಡಲಿ ಅಂತ ಬಿಟ್ಟೆ. ಆಮೇಲೆ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಬಾರ್ ಬಾರ್‌ಗೂ (ತಾಳದ ಒಂದೊಂದು ಸುತ್ತಿಗೂ) ವೇಗ ಗುರುತಿಸೋ ಟೆಂಪೋ ಮ್ಯಾಪ್ ಎಳೆದು, ಬೇಸ್ ಅನ್ನು ತಮಟೆ ಹಿಂದೆ ಓಡಿಸಿದೆ. ಒಂದು ಹಾಡಿಗೆ ಎರಡು ರಾತ್ರಿ ಹಿಡೀತು. ಮೈಕ್ ಎರಡು, ಎರಡೂ ಎಸ್‌ಎಂ 57. ಒಂದು ತಮಟೆಯ ಹಿಂಬದಿಗೆ. ಅಲ್ಲಿ ಮೈಕ್‌ಗೂ ಚರ್ಮಕ್ಕೂ ನಡುವೆ ಏನಿಟ್ಟೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

2023ರಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದರು ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಅದೇ ತಮಟೆ ರ‍್ಯಾಪ್‌ನಲ್ಲಿ ಬಂದರೆ "ಮೆರವಣಿಗೆ ಸದ್ದು" ಅಂತಾರೆ!

ಭಾಷೆಗೂ ಬೈಸಿಕೊಂಡೆ. ನಮ್ಮದು ತೆಲುಗು ಬೆರೆತ ಕನ್ನಡ ಅಲ್ವಾ? ಸಾಲಿನ ಕೊನೆಗೆ ಕ್ರಿಯಾಪದ ಬಂದು ಬಂದೆ, ತಂದೆ, ತಿಂದೆ ಅಂತ ಸೋಮಾರಿ ಪ್ರಾಸ ಆಗುತ್ತೆ. ಅಲ್ಲಿ ಒಂದು ತೆಲುಗು ಪದ ತಂದರೆ ಹೊಸ ದಾರಿ ಸಿಗುತ್ತೆ. "ಬದುಕು"ಗೆ "ಎಂದುಕು" (ತೆಲುಗಿನಲ್ಲಿ "ಯಾಕೆ") ಸಿಕ್ಕ ದಿನ ನಾನು ನಿದ್ದೆ ಮಾಡಲಿಲ್ಲ.

ಇನ್ನೊಂದು ಹುಚ್ಚಾಟ. ನಾಲ್ಕನೇ ಜ್ವರ (ಪೊರೆ ಬಿಡೋದಕ್ಕೆ ಹಾಗಂತೀವಿ) ಎದ್ದ ಹುಳು ಸೊಪ್ಪು ತಿನ್ನೋ ಸದ್ದು ಮಳೆ ಥರಾನೇ ಇರುತ್ತೆ. ರಾತ್ರಿ ಸೊಪ್ಪು ಹಾಕಿ, ಮೈಕ್ ಇಟ್ಟು, ಮೂರನೇ ಹಾಡಿಗೆ ಅದನ್ನೇ ಶೇಕರ್ (ಅಲ್ಲಾಡಿಸಿ ಬಾರಿಸೋ ಗಿಲಕಿ ಥರದ ವಾದ್ಯ) ಮಾಡಿದೆ. "ಮಳೆ ಎಲ್ಲಿ ರೆಕಾರ್ಡ್ ಮಾಡಿದ್ದು?" ಅಂತ ಕೇಳ್ತಾರೆ. ರೇಷ್ಮೆ ಬಿಚ್ಚೋ ಮಷಿನ್ ಸದ್ದೂ ಹಿಡಿದು ನೋಡಿದೆ. ಬರೀ ಮೋಟಾರ್ ಗುಂಯ್ ಅನ್ನುತ್ತಿತ್ತು, ಬಿಸಾಕಿದೆ.

ಒಟ್ಟು ಖರ್ಚು ಅರವತ್ತು, ಅರವತ್ತೈದು ಸಾವಿರ ಇರಬೇಕು. ಅದರಲ್ಲಿ ಮಿಕ್ಸಿಂಗ್‌ಗೇ ಇಪ್ಪತ್ತು. ಸ್ಟ್ರೀಮಿಂಗ್‌ನಿಂದ ಇನ್ನೂ ಮೂರು ಸಾವಿರವೂ ಬಂದಿಲ್ಲ. ಮೂರು ಶೋಗಳಿಂದ ನಲವತ್ತು ಬಂತು. ಉಳಿದದ್ದು ಅಪ್ಪನ ಗೂಡಿನ ದುಡ್ಡು. ಅವರು ಇನ್ನೂ ವಾಪಸ್ ಕೇಳಿಲ್ಲ, ನಾನೂ ಆ ಮಾತು ಎತ್ತಿಲ್ಲ. ಗುರುವಾರ ಚಾಕಿ ಹುಳು, ಅಂದರೆ ಮರಿ ಹುಳು, ಬರುತ್ತೆ. ಅಷ್ಟರೊಳಗೆ ಎರಡನೇ ಆಲ್ಬಂನ ಒಂದು ತಮಟೆ ಟೇಕ್ ಮುಗಿಸಿ ಮನೆ ತೊಳೆದು ಕೊಡಬೇಕು.