ಕಣಗಿಲೆಗೆ ಬುಡದಲ್ಲೇ ಗರಗಸ ಹಾಕಿದೆ

"ಬುಡಕ್ಕೆ ಗರಗಸ ಇಟ್ಟರೆ ಗಿಡ ಸತ್ತೇ ಹೋಗುತ್ತೆ" ಅಂದಿದ್ದರು ನಮ್ಮತ್ತೆ. ಪಕ್ಕದ ಮನೆಯವರೂ ಹೌದೆಂದಿದ್ದರು. ಈಗ ಅದೇ ಗಿಡದ ಹೂವು ದಿನಾ ಬೆಳಿಗ್ಗೆ ಅವರ ದೇವರ ಮನೆ ಸೇರುತ್ತಿದೆ.

ತುಮಕೂರಿನ ನಮ್ಮ ಮನೆಯ ಕಾಂಪೌಂಡಿನುದ್ದಕ್ಕೂ ನಾಲ್ಕು ಕಣಗಿಲೆ ಗಿಡ. ಹತ್ತು ವರ್ಷ ಯಾರೂ ಮುಟ್ಟದೆ ಸುಮಾರು 14 ಅಡಿ ಬೆಳೆದಿದ್ದವು. ಹೂವೆಲ್ಲ ನೆತ್ತಿಯಲ್ಲಿ, ಕೆಳಗೆ ಬರೀ ಬೋಳು ಕಾಂಡ. ಮೊದಲು ಮಾಲಿಯನ್ನು ಕರೆಸಿದೆ. 1,200 ರೂಪಾಯಿ ತೆಗೆದುಕೊಂಡು ತಲೆ ಕ್ರಾಪ್ ಮಾಡಿದ ಹಾಗೆ ಮೇಲ್ಗಡೆ ಸವರಿ ಹೋದ. ಮೂರು ತಿಂಗಳಿಗೆ ಪ್ರತಿ ತುದಿಯಲ್ಲೂ ಪೊರಕೆ ಹಾಗೆ ಒತ್ತೊತ್ತಾಗಿ ಚಿಗುರು! ಆಮೇಲೆ ನಾನೇ ಹುಮ್ಮಸ್ಸಿನಲ್ಲಿ ಡಿಸೆಂಬರ್‌ನಲ್ಲಿ ಒಂದು ಗಿಡವನ್ನು ಪೂರ್ತಿ ಮೊಣಕಾಲೆತ್ತರಕ್ಕೆ ಕಡಿದೆ. ಚಿಗುರು ಬಂತು, ಗಿಡದ ರಸ ಹೀರುವ ಹಳದಿ ಸಸ್ಯಹೇನೂ ಬಂತು, ವರ್ಷವಿಡೀ ಹೂವು ಮಾತ್ರ ಬರಲಿಲ್ಲ.

ಕೈ ಹಿಡಿದದ್ದು ಮೂರು ವರ್ಷದ ಲೆಕ್ಕ. ಮುಂಗಾರು ಹಿಡಿಯುವ ಹೊತ್ತಿಗೆ, ಬುಡದಲ್ಲಿರುವ ಕಾಂಡಗಳಲ್ಲಿ ಮೂರರಲ್ಲೊಂದು ಪಾಲು, ಅದೂ ತೀರಾ ದಪ್ಪ ಮತ್ತು ಹಳೆಯವನ್ನು, ನೆಲಮಟ್ಟಕ್ಕೆ ಕೊಯ್ದೆ. ಉಳಿದದ್ದು ಮುಂದಿನ ವರ್ಷಗಳಿಗೆ. ಬುಡದಿಂದ ಎದ್ದ ಚಿಗುರಿನಲ್ಲಿ ಐದಾರು ಗಟ್ಟಿಯಾದವನ್ನು ಮಾತ್ರ ಬಿಟ್ಟೆ. ಯಾವ ಐದಾರು ಅನ್ನುವುದೇ ಗುಟ್ಟು, ಅದನ್ನು ನೋಡಲು ನಮ್ಮನೆಗೇ ಬರಬೇಕು. ಒಳ್ಳೆಯ ಗರಗಸಕ್ಕೆ 700 ಚಿಲ್ಲರೆ ಆಯಿತು. ಮಾಲಿಗೆ ಕೊಟ್ಟದ್ದಕ್ಕಿಂತ ಕಮ್ಮಿನೇ ಅಲ್ವಾ?

ಕಡಿಯುವುದಕ್ಕಿಂತ ತಲೆನೋವು ಕಡಿದದ್ದನ್ನು ಸಾಗಿಸುವುದು. ಎಲೆ, ಕಡ್ಡಿ, ಹೂವು, ಬೇರು, ಎಲ್ಲ ವಿಷ. ಒಣಗಿದರೂ ವಿಷ ಹೋಗುವುದಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಇದನ್ನು ಮುಟ್ಟಿದರೆ ಆಡೇ ಇರುವುದಿಲ್ಲ. ಮೊದಲ ಸಲ ರಾಶಿಯನ್ನು ಗೇಟಿನ ಹೊರಗೆ ಬಿಟ್ಟು ಕಾಫಿಗೆ ಒಳಗೆ ಹೋಗಿದ್ದೆ. ಬಂದು ನೋಡಿದರೆ ಬೀದಿ ಹಸುವೊಂದು ಮೂಸುತ್ತಾ ನಿಂತಿದೆ. ಎದೆ ಧಸಕ್ಕೆಂದಿತು. ಅಂದಿನಿಂದ ಕಡಿದ ಕೂಡಲೇ ಗೋಣಿಚೀಲ, ಬಾಯಿಗೆ ಹಗ್ಗ. ಗೂಡ್ಸ್ ಆಟೋಗೆ 400 ಕೊಟ್ಟು ಸಾಗಿಸಿದೆ. ಯಾರೋ ಬಚ್ಚಲೊಲೆಗೆ ಸೌದೆ ಕೇಳಿದರು, ಕೊಡಲಿಲ್ಲ. ಅದರ ಹೊಗೆಯೂ ಒಳ್ಳೆಯದಲ್ಲ. ಬೇಜಾರು ಮಾಡಿಕೊಂಡರು, ಮಾಡಿಕೊಳ್ಳಲಿ.

ತುಂಬು ತೋಳಿನ ಹಳೆ ಅಂಗಿ, ರಬ್ಬರ್ ಗ್ಲೌಸ್, ಕನ್ನಡಕ ಬೇಕೇ ಬೇಕು. ಒಮ್ಮೆ ಗ್ಲೌಸ್ ತೆಗೆದು ಬೆವರು ಒರೆಸಿಕೊಂಡೆ. ಸೊನೆ ಅಂಗಿಯ ತೋಳಿಗೆ ಅಂಟಿತ್ತಂತ ಕಾಣುತ್ತೆ, ಸಂಜೆವರೆಗೂ ಕಣ್ಣುರಿ. ಗರಗಸವನ್ನೂ ಸೋಪು ಹಾಕಿ ತೊಳೆದೇ ಇಡುತ್ತೇನೆ.

ಸುಮ್ನೆ ಒಂದು ಪ್ರಯೋಗ ಅಂತ 12 ಕಡ್ಡಿ ನೀರಿಗಿಟ್ಟೆ. ಮೂರು ವಾರದ ಹೊತ್ತಿಗೆ ಏಳೋ ಎಂಟೋ ಬೇರು ಬಿಟ್ಟವು. ಆ ನೀರೂ ವಿಷವೇ, ಹಾಗಾಗಿ ಬಾಟಲಿ ಇಟ್ಟದ್ದು ಟೆರೇಸಿನ ಮೇಲೆ. ಬಿಳಿ ಹೂವಿನ ಕಡ್ಡಿ ಒಂದೂ ಹತ್ತಲಿಲ್ಲ. ಈ ಸಲ ಅದನ್ನು ಮರಳಿನಲ್ಲಿ ಊರಿದ್ದೇನೆ.